ತಕ್ಕಡಿ ಹೇಳದ್ದನ್ನು ಟೇಪು ಹೇಳುತ್ತದೆ

ಹೊಟ್ಟೆಯ ಬೊಜ್ಜು ಮತ್ತು ಜೀರ್ಣಾಂಗಗಳ ಕಾಯಿಲೆ ಕುರಿತು ಬಂದ ಪ್ರಶ್ನೆಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಓದುಗರ ಹೆಸರು, ಊರು ಕೈಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 46 ವರ್ಷ. ಎತ್ತರ 168 ಸೆಂ.ಮೀ., ತೂಕ 68 ಕೆ.ಜಿ., ಬಿಎಂಐ 24. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂತು. ಡಾಕ್ಟರು ಹೊಟ್ಟೆಯ ಸುತ್ತಳತೆ ಕೇಳಿದಾಗ ಪ್ಯಾಂಟಿನ ಸೈಜು 34 ಎಂದೆ. ಅದು ಲೆಕ್ಕಕ್ಕಿಲ್ಲ ಎಂದರು. ಯಾಕೆ?

ಉತ್ತರ: ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಮೇಲೆ ಕಟ್ಟುವುದಿಲ್ಲ, ಅದರ ಕೆಳಗೆ ಕಟ್ಟುತ್ತಾರೆ. ಹೊಟ್ಟೆ ಹತ್ತು ಸೆಂ.ಮೀ. ಬೆಳೆದರೂ ಸೈಜು ಹಾಗೇ ಇರುತ್ತದೆ, ಪ್ಯಾಂಟು ಇನ್ನೊಂದಿಷ್ಟು ಕೆಳಗೆ ಜಾರಿರುತ್ತದೆ ಅಷ್ಟೆ. ಸಾಲದ್ದಕ್ಕೆ ಒಂದು ಕಂಪನಿಯ 34 ಇನ್ನೊಂದು ಕಂಪನಿಯ 34ಕ್ಕೆ ಸಮ ಇರುವುದಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂತ್ರಕ್ಕೆ ಹೋಗಿ ಬಂದು, ಅಂಗಿ ತೆಗೆದು ನಿಂತುಕೊಳ್ಳಿ. ಪಕ್ಕೆಯ ಮೇಲೆ ಬೆರಳಾಡಿಸಿ ಕೊನೆಯ ಪಕ್ಕೆಲುಬಿನ ಕೆಳ ಅಂಚು ಹುಡುಕಿ, ಪೆನ್ನಿನಲ್ಲಿ ಒಂದು ಗೆರೆ ಹಾಕಿ. ನೇರ ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ, ಅಲ್ಲೊಂದು ಗೆರೆ. ಎರಡರ ನಡುಮಧ್ಯದಲ್ಲಿ ಟೇಪು ಹಾಯಬೇಕು. ಹೊಕ್ಕುಳನ್ನು ನಂಬಬೇಡಿ, ಹೊಟ್ಟೆ ಜೋತುಬಿದ್ದವರಲ್ಲಿ ಹೊಕ್ಕುಳೂ ಕೆಳಗಿಳಿದಿರುತ್ತದೆ. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ. ಬೆನ್ನ ಹಿಂದೆ ಅದು ಜಾರುವುದೇ ಹೆಚ್ಚು, ಆದ್ದರಿಂದ ಕನ್ನಡಿಯಲ್ಲಿ ನೋಡಿಕೊಳ್ಳಿ ಇಲ್ಲವೇ ಮನೆಯವರಿಗೆ ಹೇಳಿ. ಚರ್ಮಕ್ಕೆ ತಾಗಿರಬೇಕು, ಚರ್ಮವನ್ನು ಒತ್ತಬಾರದು. ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕೊನೆಗೆ ಅಳತೆ ಓದಿ. ಎರಡು ಸಲ ಅಳೆದು ಸರಾಸರಿ ಬರೆದಿಡಿ. ಎರಡರ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ.

ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ಯುರೋಪ್ ಮೂಲದ ಗಂಡಸರಿಗೆ ಈ ಗಡಿ 94. ಇದಕ್ಕಿಂತ ಸುಲಭವಾದದ್ದೂ ಒಂದಿದೆ: ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮ್ಮ ಮಟ್ಟಿಗೆ 84ರೊಳಗೆ. ಇನ್ನು ಬಿಎಂಐ 24 ಇದೆಯೆಂದು ಸಮಾಧಾನಪಡಬೇಡಿ, ಏಷ್ಯಾದವರಿಗೆ 23ರಿಂದಲೇ ಅಪಾಯ ಏರತೊಡಗುತ್ತದೆ. ತಕ್ಕಡಿಗೆ ಕಾಲಿನ ಸ್ನಾಯುವೂ ಒಂದೇ, ಕರುಳಿನ ಸುತ್ತಲಿನ ಕೊಬ್ಬೂ ಒಂದೇ.

ಪ್ರಶ್ನೆ: ಬೊಜ್ಜು ಇರುವುದು ಚರ್ಮದ ಕೆಳಗೆ ತಾನೆ? ಅದು ಲಿವರ್, ಕರುಳಿಗೆ ಹೇಗೆ ತೊಂದರೆ ಕೊಡುತ್ತದೆ?

ಉತ್ತರ: ಬೆರಳಲ್ಲಿ ಹಿಡಿದಾಗ ಮಡಿಕೆಯಾಗಿ ಸಿಗುವುದು ಚರ್ಮದಡಿಯ ಕೊಬ್ಬು. ಅದು ನೋಡಲು ಚೆನ್ನಾಗಿಲ್ಲ ಎನ್ನುವುದು ಬಿಟ್ಟರೆ ಹೆಚ್ಚು ಉಪದ್ರವ ಮಾಡುವುದಿಲ್ಲ. ಹೊಟ್ಟೆ ಗುಂಡಗೆ, ಬಿಗಿಯಾಗಿದ್ದು, ಹಿಡಿದರೆ ತೆಳ್ಳನೆಯ ಮಡಿಕೆ ಮಾತ್ರ ಬಂದರೆ ಅಲ್ಲಿ ಕೊಬ್ಬು ಸ್ನಾಯುವಿನ ಗೋಡೆಯ ಒಳಗಿದೆ ಎಂದು ಊಹಿಸಬಹುದು: ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದ ಒಮೆಂಟಮ್‌ನಲ್ಲಿ, ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಡುವ ಮೆಸೆಂಟರಿಯಲ್ಲಿ, ಮೇದೋಜೀರಕ ಗ್ರಂಥಿಯ ಸುತ್ತ.

ಈ ಒಳಗಿನ ಕೊಬ್ಬಿನ ರಕ್ತ ಪೋರ್ಟಲ್ ಸಿರೆಯ ಮೂಲಕ ನೇರ ಲಿವರ್‌ಗೆ ಹೋಗುತ್ತದೆ. ಚರ್ಮದಡಿಯ ಕೊಬ್ಬಿನ ರಕ್ತ ಮೊದಲು ಹೃದಯಕ್ಕೆ ಹೋಗಿ ಮೈಯೆಲ್ಲ ಸುತ್ತಿ ಬರಬೇಕು. ಒಳಗಿನ ಕೊಬ್ಬಿನ ಜೀವಕೋಶಗಳು ತುಂಬಿ ಬಿರಿಯುವಂತಾದಾಗ ಕೊಬ್ಬಿನಾಮ್ಲಗಳನ್ನೂ ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನೂ ರಕ್ತಕ್ಕೆ ಬಿಡುತ್ತವೆ, ಒಳ್ಳೆಯದು ಮಾಡುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಇದು ರಸಾಯನದ ಕೆಲಸ. ಇನ್ನೊಂದು ಬರೀ ಒತ್ತಡದ ಕೆಲಸ. ಸಾಧಾರಣ ಮೈಕಟ್ಟಿನವರ ಹೊಟ್ಟೆಯೊಳಗಿನ ಒತ್ತಡ 5ರಿಂದ 7 ಮಿ.ಮೀ. ಪಾದರಸದಷ್ಟು, ತೀವ್ರ ಬೊಜ್ಜಿನವರಲ್ಲಿ ಸುಮ್ಮನೆ ಮಲಗಿದ್ದಾಗಲೂ 9ರಿಂದ 14. ಮುಂದಿನ ಉತ್ತರಗಳಲ್ಲಿ ಈ ಎರಡೂ ಮತ್ತೆ ಮತ್ತೆ ಬರುತ್ತವೆ.

ಪ್ರಶ್ನೆ: ವಯಸ್ಸು 52, ಗಂಡಸು. ಹತ್ತು ವರ್ಷದಿಂದ ಗ್ಯಾಸ್ಟ್ರಿಕ್. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಮೂರು ದಿಂಬು ಇಟ್ಟುಕೊಂಡರೂ ಕಡಿಮೆಯಿಲ್ಲ. ಪ್ಯಾಂಟೊಪ್ರಜೋಲ್ ಮಾತ್ರೆ ರಾತ್ರಿ ಊಟವಾದ ಮೇಲೆ ನುಂಗುತ್ತೇನೆ. ಹೊಟ್ಟೆ ಕರಗಲಿ ಎಂದು ಬೆಲ್ಟ್ ಕಟ್ಟುತ್ತೇನೆ.

ಉತ್ತರ: ಗ್ಯಾಸ್ಟ್ರಿಕ್ ಎನ್ನುವುದು ನಮ್ಮಲ್ಲಿ ಹತ್ತು ಕಾಯಿಲೆಗೆ ಒಂದೇ ಹೆಸರು. ನೀವು ಹೇಳುತ್ತಿರುವುದು ರಿಫ್ಲಕ್ಸ್, ಜಠರದ ಆಮ್ಲ ಅನ್ನನಾಳಕ್ಕೆ ಹಿಂದಿರುಗುವುದು. ಅನ್ನನಾಳದ ಕೆಳತುದಿಯಲ್ಲಿ ಬಳೆಯಂಥ ಸ್ನಾಯುವಿದೆ; ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಾದ ವಪೆ ಅದನ್ನು ಹೊರಗಿನಿಂದ ಬಿಗಿಹಿಡಿದಿರುತ್ತದೆ. ಹೊಟ್ಟೆಯೊಳಗಿನ ಒತ್ತಡ ಏರಿದಾಗ ಬಳೆ ಮತ್ತೆ ಮತ್ತೆ ಸಡಿಲವಾಗುತ್ತದೆ. ವರ್ಷಗಟ್ಟಲೆ ಹೀಗೆ ಒತ್ತಿದರೆ ಜಠರದ ಮೇಲ್ತುದಿ ವಪೆಯ ಕಂಡಿಯಿಂದ ಎದೆಯೊಳಗೆ ಜಾರುತ್ತದೆ. ಅದೇ ಹಯೇಟಸ್ ಹರ್ನಿಯಾ. ಆಮೇಲೆ ಬಳೆ ಒಂದು ಕಡೆ, ವಪೆ ಇನ್ನೊಂದು ಕಡೆ. ಎರಡರ ಹಿಡಿತವೂ ಹೋಗುತ್ತದೆ.

ಬೆಲ್ಟ್ ಬಿಚ್ಚಿಡಿ, ಅದು ಕೊಬ್ಬು ಕರಗಿಸುವುದಿಲ್ಲ. ಟ್ಯೂಬಿನ ನಡುವೆ ಹಿಸುಕಿದರೆ ಪೇಸ್ಟು ಎತ್ತ ಹೋಗುತ್ತದೋ ಆಮ್ಲವೂ ಅತ್ತಲೇ. ಊಟವಾದ ಮೇಲೆ ಬಗ್ಗಿ ಮಾಡುವ ಕೆಲಸ, ಮಲಗಿ ಎದ್ದು ಮಾಡುವ ಹೊಟ್ಟೆಯ ಕಸರತ್ತು ಬೇಡ.

ದಿಂಬಿನಿಂದ ಬಾಗುವುದು ಕುತ್ತಿಗೆ ಮತ್ತು ಸೊಂಟ, ಹೊಟ್ಟೆ ಇನ್ನಷ್ಟು ಮಡಿಚಿಕೊಳ್ಳುತ್ತದೆ. ಎತ್ತಬೇಕಾದ್ದು ಮಂಚವನ್ನು: ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ, ಅಲುಗದ ಮರದ ತುಂಡು ಇಡಿ. ಮಂಚ ಎತ್ತಲಾಗದಿದ್ದರೆ ಬೆನ್ನಿನ ಅರ್ಧದಿಂದ ತಲೆಯವರೆಗೆ ಬರುವ ಇಳಿಜಾರಿನ ಗಟ್ಟಿ ಹಾಸು ಆಗಬಹುದು. ಎಡಮಗ್ಗುಲಲ್ಲಿ ಮಲಗಿ, ಆಗ ಜಠರದ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ.

ಮಾತ್ರೆ ನುಂಗುವ ಹೊತ್ತೂ ತಪ್ಪಿದೆ. ಪ್ಯಾಂಟೊಪ್ರಜೋಲ್ ವರ್ಗದ ಔಷಧ ಆಮ್ಲ ಪಂಪು ಕೆಲಸ ಮಾಡುತ್ತಿರುವಾಗಲೇ ಅದನ್ನು ಮುಚ್ಚುವಂಥದ್ದು. ಪಂಪುಗಳು ಚಾಲೂ ಆಗುವುದು ಊಟದಿಂದ. ಆದ್ದರಿಂದ ತಿನ್ನುವುದಕ್ಕೆ 30ರಿಂದ 60 ನಿಮಿಷ ಮುಂಚೆ ನುಂಗಬೇಕು. ಊಟವಾದ ಮೇಲೆ ನುಂಗಿ ಔಷಧ ಹಿಡಿಯಲಿಲ್ಲ ಎನ್ನುವವರು ಬಹಳ ಮಂದಿ.

ನಿಮ್ಮ ವಿಷಯದಲ್ಲಿ ಎಂಡೋಸ್ಕೋಪಿ ಆಗಬೇಕು. ಗಂಡಸು, 50 ದಾಟಿದವರು, ಹೊಟ್ಟೆಯ ಬೊಜ್ಜು, ಐದು ವರ್ಷಕ್ಕೂ ಮೀರಿದ ರಿಫ್ಲಕ್ಸ್. ಸಿಗರೇಟೂ ಇದ್ದರೆ ಕೇಳುವುದೇ ಬೇಡ. ಆಮ್ಲದಲ್ಲಿ ನೆನೆದು ನೆನೆದು ಅನ್ನನಾಳದ ಒಳಪದರ ಕರುಳಿನ ಪದರದ ಹಾಗೆ ಬದಲಾಗುವ ಬ್ಯಾರೆಟ್ಸ್ ಸ್ಥಿತಿ ಇಂಥವರಲ್ಲೇ ಹೆಚ್ಚು. ಕ್ಯಾನ್ಸರಿಗೆ ಅದು ಮೊದಲ ಮೆಟ್ಟಿಲು, ಹಾಗೆಂದು ಬಹುಪಾಲು ಜನ ಮುಂದಿನ ಮೆಟ್ಟಿಲು ಹತ್ತುವುದಿಲ್ಲ. ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡಬೇಡಿ. ನಡೆದಾಗ ಬಂದು ನಿಂತಾಗ ಹೋಗುವ ಎದೆಯುರಿ ಹೃದಯದ್ದೂ ಇರಬಹುದು. ಮೊದಲು ಇಸಿಜಿ ಮಾಡಿಸಿ.

ಪ್ರಶ್ನೆ: 50 ವರ್ಷ, ತೂಕ 80 ಕೆ.ಜಿ. ಫ್ಯಾಟಿ ಲಿವರ್ ಇದೆ. ರಕ್ತಪರೀಕ್ಷೆಯಲ್ಲಿ ಎಎಸ್‌ಟಿ 40, ಎಎಲ್‌ಟಿ 49, ಪ್ಲೇಟ್‌ಲೆಟ್ 2 ಲಕ್ಷ. ಎಲ್ಲ ನಾರ್ಮಲ್ ಎಂದು ಲ್ಯಾಬಿನವರು ಬರೆದಿದ್ದಾರೆ. ಸುಮ್ಮನಿರಬಹುದೆ?

ಉತ್ತರ: ಲಿವರ್ ಗಾಯದ ಕಲೆಗಟ್ಟಿ ಗಟ್ಟಿಯಾಗುತ್ತಿದ್ದರೂ ಎಎಸ್‌ಟಿ, ಎಎಲ್‌ಟಿ ಎಂಬ ಲಿವರಿನ ಕಿಣ್ವಗಳು ನಾರ್ಮಲ್ ಇರಬಹುದು. ಅದೇ ಅಂಕಿಗಳನ್ನು ಒಟ್ಟಿಗೆ ಓದುವ ಫಿಬ್-4 ಎಂಬ ಲೆಕ್ಕವಿದೆ, ಕಾಗದದ ಮೇಲೆ ಮಾಡಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ: 50 × 40 = 2000. ಎಎಲ್‌ಟಿಯ ವರ್ಗಮೂಲ ತೆಗೆಯಿರಿ: 49ಕ್ಕೆ 7. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಬರೆದರೆ 200. 200 × 7 = 1400. 2000ವನ್ನು 1400ರಿಂದ ಭಾಗಿಸಿದರೆ 1.43.

1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ಹೆಚ್ಚಿನ ಕಲೆಗಟ್ಟುವಿಕೆ ಇಲ್ಲವೆನ್ನಬಹುದು. 2.67 ದಾಟಿದರೆ ಲಿವರ್ ತಜ್ಞರ ಬಳಿ ಹೋಗಬೇಕು. ನೀವು ನಡುವೆ ಇದ್ದೀರಿ, ಮುಂದಿನ ಹೆಜ್ಜೆ ಲಿವರಿನ ಗಡಸುತನ ಅಳೆಯುವ ಎಲಾಸ್ಟೊಗ್ರಫಿ. 65 ದಾಟಿದವರಿಗೆ ಕೆಳಗಿನ ಗಡಿ 1.3ರ ಬದಲು 2, ಯಾಕೆಂದರೆ ವಯಸ್ಸೇ ಅಂಕಿಯನ್ನು ಏರಿಸಿಬಿಡುತ್ತದೆ. ಎಲಾಸ್ಟೊಗ್ರಫಿಗೆ ಮೂರು ಗಂಟೆ ಏನೂ ತಿನ್ನದೆ ಹೋಗಿ. ಹೊಟ್ಟೆ ತುಂಬಿದ್ದಾಗ ಲಿವರಿಗೆ ರಕ್ತ ಹೆಚ್ಚು ಹರಿದು ಗಡಸುತನ ಸುಳ್ಳಾಗಿ ಏರುತ್ತದೆ. ಚರ್ಮದಿಂದ ಲಿವರಿಗೆ 2.5 ಸೆಂ.ಮೀ.ಗಿಂತ ಹೆಚ್ಚು ದೂರವಿದ್ದರೆ ಮೈಗೆ ಒತ್ತಿ ಹಿಡಿಯುವ ಸಾಮಾನ್ಯ ಪ್ರೋಬ್ ಸರಿಯಾಗಿ ಓದುವುದಿಲ್ಲ, ಎಕ್ಸ್‌ಎಲ್ ಪ್ರೋಬ್ ಇದೆಯೇ ಎಂದು ಮೊದಲೇ ವಿಚಾರಿಸಿ. 8 ಕಿಲೊಪಾಸ್ಕಲ್‌ಗಿಂತ ಕಡಿಮೆ ಬಂದರೆ ನಿರಾಳ.

ಇನ್ನು ತೂಕ. ಶೇ 5 ಇಳಿದರೆ, ನಿಮಗೆ 4 ಕೆ.ಜಿ., ಲಿವರಿನ ಕೊಬ್ಬು ಕಡಿಮೆಯಾಗುತ್ತದೆ. ಶೇ 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ. ಕಲೆ ಕರಗಬೇಕಾದರೆ ಶೇ 10 ಇಲ್ಲವೇ ಅದಕ್ಕೂ ಮೇಲೆ, ಅಂದರೆ 8 ಕೆ.ಜಿ. ಸಿಹಿ ಪಾನೀಯ ಮೊದಲು ಬಿಡಿ. ಅದರಲ್ಲಿನ ಫ್ರಕ್ಟೋಸ್ ಲಿವರಿನಲ್ಲೇ ಕೊಬ್ಬಾಗುತ್ತದೆ. ಮದ್ಯ ಬೇಡವೇ ಬೇಡ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ. ತಕ್ಕಡಿ ಅಲುಗದಿದ್ದರೂ ಬೇಸರ ಬೇಡ. ವ್ಯಾಯಾಮದಿಂದ ಒಳಗಿನ ಕೊಬ್ಬು ಇಳಿದು ಸ್ನಾಯು ಬಂದಾಗ ತೂಕ ಅಷ್ಟೇ ಇದ್ದು ಟೇಪಿನಲ್ಲಿ 3–4 ಸೆಂ.ಮೀ. ಇಳಿದಿರುತ್ತದೆ.

ಪ್ರಶ್ನೆ: ಕಟ್ಟುನಿಟ್ಟಿನ ಡಯಟ್ ಮಾಡಿ ಎಂಟು ವಾರದಲ್ಲಿ 14 ಕೆ.ಜಿ. ಇಳಿಸಿದೆ. ಎಣ್ಣೆ, ತುಪ್ಪ ಮುಟ್ಟಲಿಲ್ಲ. ಈಗ ಪಿತ್ತಕೋಶದಲ್ಲಿ ಕಲ್ಲು ಎನ್ನುತ್ತಾರೆ. ಬೊಜ್ಜು ಇಳಿಸಿದ್ದಕ್ಕೆ ಇದು ಬಹುಮಾನವೆ?

ಉತ್ತರ: ವಾರಕ್ಕೆ 1.75 ಕೆ.ಜಿ. ಆಯಿತು. 1.5 ದಾಟಿದರೆ ಕಲ್ಲಿನ ಅಪಾಯ ಜಿಗಿಯುತ್ತದೆ. ಕರಗುವ ಕೊಬ್ಬಿನಲ್ಲಿದ್ದ ಕೊಲೆಸ್ಟ್ರಾಲನ್ನು ಲಿವರ್ ಪಿತ್ತರಸಕ್ಕೆ ಸುರಿಯುತ್ತದೆ. ರಸ ಪಾಕದ ಹಾಗೆ ಗಟ್ಟಿಯಾಗುತ್ತದೆ. ಪಿತ್ತಕೋಶ ಹಿಂಡಿ ಖಾಲಿಯಾಗಬೇಕಾದರೆ ಊಟದಲ್ಲಿ ಒಂದಿಷ್ಟು ಜಿಡ್ಡು ಬೇಕು. ನೀವು ಅದನ್ನೂ ನಿಲ್ಲಿಸಿದಿರಿ, ರಸ ಅಲ್ಲೇ ನಿಂತು ಹರಳುಗಟ್ಟಿತು. ದಿನಕ್ಕೆ ಒಂದು ಊಟದಲ್ಲಾದರೂ ಸುಮಾರು 10 ಗ್ರಾಂ ಜಿಡ್ಡು, ಅಂದರೆ ಎರಡು ಟೀ ಚಮಚ ಎಣ್ಣೆ ಇರಲಿ. ವಾರಕ್ಕೆ ಅರ್ಧದಿಂದ 1 ಕೆ.ಜಿ. ಇಳಿದರೆ ಸಾಕು. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬೇಗ ಇಳಿಯುವುದು ಅನಿವಾರ್ಯವಾದ್ದರಿಂದ ಅವರಿಗೆ ಆರು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವ ರೂಢಿಯಿದೆ.

ನೋವಿಲ್ಲದ ಕಲ್ಲನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಲಪಕ್ಕೆಯ ಕೆಳಗೆ ನೋವು, ಚಳಿಜ್ವರ, ಕಣ್ಣು ಹಳದಿ, ಈ ಮೂರೂ ಕೂಡಿ ಬಂದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಸೋಂಕಾಗಿದೆ ಎಂದು ಶಂಕಿಸಬೇಕು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು.

ಪ್ರಶ್ನೆ: ತಮ್ಮನಿಗೆ ಪ್ಯಾಂಕ್ರಿಯಾಟೈಟಿಸ್ ಆಗಿ ಐಸಿಯುನಲ್ಲಿದ್ದಾನೆ. ‘ಹೊಟ್ಟೆ ದಪ್ಪ ಇರುವುದರಿಂದ ಕೇಸು ಕಷ್ಟ’ ಎಂದರು. ಮೊದಲ ದಿನದ ಸಿ.ಟಿ. ಮಾಡಲಿಲ್ಲ, ಮೂತ್ರದ ಟ್ಯೂಬಿನಿಂದ ಏನೋ ಒತ್ತಡ ಅಳೆಯುತ್ತಾರೆ. ನಮಗೆ ಏನೂ ಅರ್ಥವಾಗುತ್ತಿಲ್ಲ.

ಉತ್ತರ: ಹೊಟ್ಟೆಯ ಬೊಜ್ಜು ಅತಿ ಹೆಚ್ಚು ಕೆಡುಕು ಮಾಡುವುದು ಈ ಕಾಯಿಲೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಮೇದೋಜೀರಕ ಗ್ರಂಥಿ ಊದಿಕೊಂಡಾಗ ಕೊಬ್ಬನ್ನು ಒಡೆಯುವ ಲೈಪೇಸ್ ಸುತ್ತಲಿನ ಜಾಗಕ್ಕೆ ಸೋರುತ್ತದೆ. ಸಣ್ಣ ಹೊಟ್ಟೆಯವರಲ್ಲಿ ಅದಕ್ಕೆ ಒಡೆಯಲು ಹೆಚ್ಚು ಸಿಗುವುದಿಲ್ಲ. ಗ್ರಂಥಿಯ ಒಳಗೂ ಸುತ್ತಲೂ ಕೊಬ್ಬು ತುಂಬಿದ್ದರೆ ಅದೇ ಸೌದೆ. ಕೊಬ್ಬು ಒಡೆದು ಹೊರಬರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಪಕ್ಕದ ಅಂಗಾಂಶವನ್ನು ಸುಡುತ್ತವೆ, ರಕ್ತಕ್ಕೆ ಸೇರಿ ಶ್ವಾಸಕೋಶ, ಮೂತ್ರಪಿಂಡಗಳಿಗೂ ಪೆಟ್ಟು ಕೊಡುತ್ತವೆ. ಮೊದಲೇ ವಪೆ ಮೇಲಕ್ಕೆ ಒತ್ತಿಕೊಂಡಿದೆ, ಉಸಿರಿಗೆ ಜಾಗ ಕಡಿಮೆ. ಹೀಗಾಗಿ ಆಮ್ಲಜನಕ ಬೇಗ ಇಳಿಯುತ್ತದೆ.

ಮೂತ್ರದ ಟ್ಯೂಬಿನ ಅಳತೆ ಹೊಟ್ಟೆಯೊಳಗಿನ ಒತ್ತಡದ್ದು. ರೋಗಿಯನ್ನು ಚಪ್ಪಟೆ ಮಲಗಿಸಿ, ಮೂತ್ರಕೋಶಕ್ಕೆ 25 ಮಿ.ಲೀ. ಮೀರದಂತೆ ಸಲೈನ್ ಬಿಟ್ಟು, ಉಸಿರು ಹೊರಹೋದ ಕ್ಷಣದಲ್ಲಿ ಓದುತ್ತಾರೆ. 12 ಮಿ.ಮೀ. ದಾಟಿ ನಿಂತರೆ ಎಚ್ಚರಿಕೆ. 20 ಮೀರಿ ನಿಂತು ಹೊಸದಾಗಿ ಒಂದು ಅಂಗ ಕೈಕೊಟ್ಟರೆ ತುರ್ತು. ಬೊಜ್ಜಿನವರು ಶುರುವಾಗುವುದೇ 9–14ರಿಂದ ಎಂದು ಮೇಲೆ ಹೇಳಿದೆವಲ್ಲ, ಅವರಿಗೆ ಏರಲು ಉಳಿದ ಮೆಟ್ಟಿಲು ಕಡಿಮೆ.

ಸಿ.ಟಿ. ತಡಮಾಡಿದ್ದರಲ್ಲಿ ತಪ್ಪಿಲ್ಲ. ನೋವಿನ ಲಕ್ಷಣ, ಮೂರು ಪಟ್ಟು ಏರಿದ ಲೈಪೇಸ್, ಸ್ಕ್ಯಾನ್ ಈ ಮೂರರಲ್ಲಿ ಎರಡಿದ್ದರೆ ಕಾಯಿಲೆ ಖಚಿತ. ಗ್ರಂಥಿಯ ಸತ್ತ ಭಾಗ ಸ್ಕ್ಯಾನಿನಲ್ಲಿ ಪೂರ್ತಿ ಕಾಣಲು ಸುಮಾರು 72 ಗಂಟೆ ಬೇಕು. ಅಲ್ಟ್ರಾಸೌಂಡ್ ಪಿತ್ತದ ಕಲ್ಲು ಹುಡುಕಲು ಸಾಕು, ಕೊಬ್ಬಿನ ಹಿಂದಿರುವ ಗ್ರಂಥಿಯನ್ನು ತೋರಿಸುವುದು ಕಷ್ಟ. ನೀವು ಕೇಳಬೇಕಾದ ಪ್ರಶ್ನೆ ಇದು: ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಎಷ್ಟಿತ್ತು? 1000 ದಾಟಿದ್ದರೆ ಅದೇ ಕಾರಣವಿರಬಹುದು. ಮನೆಗೆ ಬಂದ ಮೇಲೆ 500ರ ಕೆಳಗೆ ಇಡದಿದ್ದರೆ ಮತ್ತೆ ಬರುತ್ತದೆ.

ಪ್ರಶ್ನೆ: ನನಗೆ ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ). ತೂಕ 52 ಕೆ.ಜಿ. ಆದರೂ ಸಿ.ಟಿ. ವರದಿಯಲ್ಲಿ ಕರುಳಿನ ಸುತ್ತ ಕೊಬ್ಬು ಬೆಳೆದಿದೆ ಎಂದಿದೆ. ಊಟ ಕಡಿಮೆ ಮಾಡಲೆ?

ಉತ್ತರ: ಬೇಡ. ಅದು ಊಟದಿಂದ ಬಂದ ಬೊಜ್ಜಲ್ಲ. ಉರಿಯೂತವಿರುವ ಕರುಳಿನ ತುಂಡನ್ನು ಮೆಸೆಂಟರಿಯ ಕೊಬ್ಬು ಬೆರಳು ಚಾಚಿದಂತೆ ಸುತ್ತಿಕೊಳ್ಳುತ್ತದೆ. ಹೊಟ್ಟೆ ತೆರೆದ ಸರ್ಜನ್‌ಗೆ ರೋಗ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಅದೇ ತೋರಿಸಿಕೊಡುತ್ತದೆ. ಕರುಳಿನ ಗೋಡೆ ದಾಟಿದ ಬ್ಯಾಕ್ಟೀರಿಯಾಗಳನ್ನು ತಡೆಯಲು ಕೊಬ್ಬು ಅಲ್ಲಿ ಕೂಡುತ್ತದೆ. ತಡೆಯುತ್ತಲೇ ನಾರು ಬೆಳೆಸಿ ಕರುಳನ್ನು ಕಿರಿದಾಗಿಸುವುದರಲ್ಲೂ ಅದರ ಕೈವಾಡವಿದೆ. ಊಟವಾದ ಮೇಲೆ ಹೊಟ್ಟೆ ಕಿವುಚಿ ಉಬ್ಬರಿಸಿ ವಾಂತಿಯಾಗುತ್ತಿದ್ದರೆ ವೈದ್ಯರಿಗೆ ಹೇಳಿ. ನಿಜವಾದ ಬೊಜ್ಜಿರುವ ಕ್ರೋನ್ಸ್ ರೋಗಿಗಳ ಕಷ್ಟ ಬೇರೆ: ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧ ಅವರ ಮೈಯಿಂದ ಬೇಗ ಖಾಲಿಯಾಗುತ್ತದೆ, ರಕ್ತದಲ್ಲಿನ ಮಟ್ಟ ಅಳೆಸಿ ಡೋಸ್ ಹೊಂದಿಸಬೇಕಾಗುತ್ತದೆ.

ಪ್ರಶ್ನೆ: ತಾಯಿಗೆ 63, ಸುತ್ತಳತೆ 104 ಸೆಂ.ಮೀ. ಆರು ವಾರದ ನಂತರ ದೊಡ್ಡ ಕರುಳಿನ ಆಪರೇಷನ್. ಅಷ್ಟರಲ್ಲಿ ಉಪವಾಸ ಮಾಡಿಸಿ ತೂಕ ಇಳಿಸಬಹುದೆ?

ಉತ್ತರ: ಉಪವಾಸದಿಂದ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಬೊಜ್ಜು ಹೆಚ್ಚು, ಸ್ನಾಯು ಕಡಿಮೆ ಎಂಬ ಜೋಡಿ ಆಪರೇಷನ್‌ಗೆ ಎಲ್ಲಕ್ಕಿಂತ ಕೆಟ್ಟದ್ದು. ಕಾರಣ ಕ್ಯಾನ್ಸರ್ ಆಗಿದ್ದರೆ ತೂಕಕ್ಕಾಗಿ ದಿನಾಂಕ ಮುಂದೂಡುವ ಮಾತೇ ಬೇಡ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ (ಮೂತ್ರಪಿಂಡದ ತೊಂದರೆಯಿದ್ದರೆ ಕೇಳಿಕೊಂಡು), ಎರಡು ಹೊತ್ತು ನಡೆಸಿ, ರಕ್ತಹೀನತೆ ಮತ್ತು ಸಕ್ಕರೆ ಸರಿಪಡಿಸಿ, ದೀರ್ಘ ಉಸಿರಿನ ಅಭ್ಯಾಸ ಈಗಲೇ ಶುರುಮಾಡಿ. ತಂಬಾಕು ಇದ್ದರೆ ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಬೇಕು.

ಒಳಗಿನ ಕೊಬ್ಬು ಸರ್ಜನ್ ಕೆಲಸವನ್ನು ಕಷ್ಟ ಮಾಡುತ್ತದೆ. ಮೆಸೆಂಟರಿ ದಪ್ಪವಾಗಿ, ಗಿಡ್ಡವಾಗಿ, ಜೋಡಿಸಬೇಕಾದ ಕರುಳಿನ ತುದಿಗಳು ಎಳೆತವಿಲ್ಲದೆ ಒಂದುಗೂಡುವುದಿಲ್ಲ. ರಕ್ತನಾಳ ಕೊಬ್ಬಿನಲ್ಲಿ ಹುದುಗಿರುತ್ತವೆ. ದೂರ್ಬೀನಿನಲ್ಲಿ (ಲ್ಯಾಪರೊಸ್ಕೋಪಿ) ಶುರುವಾದದ್ದು ಹೊಟ್ಟೆ ತೆರೆದು ಮುಗಿಯಬಹುದು. ಗಾಯದ ಸೋಂಕು, ಆಮೇಲೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ, ಇವೂ ಹೆಚ್ಚು. ನೀವು ಗಮನಿಸಬೇಕಾದ್ದು ಒಂದಿದೆ. ಕರುಳಿನ ಜೋಡಣೆ ಸೋರಿದರೆ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ ಎನ್ನುತ್ತಾರೆ, ದಪ್ಪ ಹೊಟ್ಟೆಯಲ್ಲಿ ಅದು ಕೈಗೆ ಸಿಗದೆ ಹೋಗುತ್ತದೆ. ಮೊದಲು ಗೊತ್ತಾಗುವುದು ನಾಡಿಯಲ್ಲಿ. ಆಪರೇಷನ್ ಆದ ಮೊದಲ ವಾರದಲ್ಲಿ ಜ್ವರವಿಲ್ಲದಿದ್ದರೂ ನಾಡಿ 120ರ ಹತ್ತಿರ ನಿಂತು, ಉಸಿರು ವೇಗವಾಗಿ, ‘ಏನೋ ಸರಿಯಿಲ್ಲ’ ಎಂದು ಅಮ್ಮ ಚಡಪಡಿಸಿದರೆ ನರ್ಸಿಗೆ ಹೇಳಿ ಸುಮ್ಮನಾಗದೆ ಡಾಕ್ಟರನ್ನು ಕರೆಸಿ.

ಪ್ರಶ್ನೆ: ಚಿಕ್ಕಪ್ಪನಿಗೆ ಮೂರು ವಾರದಲ್ಲಿ ಹೊಟ್ಟೆ 9 ಸೆಂ.ಮೀ. ಹೆಚ್ಚಾಗಿದೆ. ಕೈಕಾಲು ಸೊರಗಿವೆ, ಪಾದ ಊದಿದೆ. ಊಟ ಸೇರುವುದಿಲ್ಲ. ಯಾವ ಡಯಟ್ ಕೊಡಬೇಕು?

ಉತ್ತರ: ಮೂರು ವಾರದಲ್ಲಿ 9 ಸೆಂ.ಮೀ. ಕೊಬ್ಬು ಬೆಳೆಯುವುದಿಲ್ಲ. ಇದು ನೀರು ತುಂಬಿರುವ ಲಕ್ಷಣ. ಹೆಚ್ಚಾಗಿ ಗಟ್ಟಿಯಾದ ಲಿವರಿನಿಂದ, ಕೆಲವೊಮ್ಮೆ ಕ್ಯಾನ್ಸರ್, ಕ್ಷಯ ಅಥವಾ ಹೃದಯದ ತೊಂದರೆಯಿಂದ. ಡಯಟ್ ಬಿಟ್ಟು ಈ ವಾರವೇ ಅಲ್ಟ್ರಾಸೌಂಡ್ ಮಾಡಿಸಿ, ಸೂಜಿಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನೋವಿನ ಮಾತ್ರೆ ಯಾವುದನ್ನೂ ಅಂಗಡಿಯಿಂದ ತಂದು ಕೊಡಬೇಡಿ. ಜ್ವರ, ಹೊಟ್ಟೆನೋವು ಬಂದರೆ ಇಲ್ಲವೇ ಮಾತು ತೊದಲಿ ಹಗಲು ಹೊತ್ತು ನಿದ್ದೆ ಹೆಚ್ಚಾದರೆ ವಾರ ಕಾಯಬೇಡಿ, ಅದೇ ದಿನ ಕರೆದುಕೊಂಡು ಹೋಗಿ.